ಬೂದು ಬಣ್ಣದ ಸೀಮೆ ಇಲಿಗೆ ಮೊದಲ ಬಹುಮಾನ

ಆಚೆ ವಾರದ ಭಾನುವಾರ ನಾನು ಒಂದು ಜೋಡಿ ಇಲಿಗೆ ಮೊದಲ ಬಹುಮಾನ ಕೊಟ್ಟೆ. ಮೊನ್ನೆ ಭಾನುವಾರ ಅದೇ ಜೋಡಿಗೆ ಕೊಡುವುದಿಲ್ಲ ಎಂದು ಯಳಂದೂರಿನಲ್ಲಿ ಜಗಳ ಮಾಡಿದೆ. ಮೈಕ್ ಆನ್ ಆಗಿತ್ತು. ಊರಿಗೆ ಊರೇ ಕೇಳಿಸಿಕೊಂಡಿತು!

ನಗಬೇಡಿ. ಈ ಎರಡು ಭಾನುವಾರಗಳ ನಡುವೆ ನಡೆದದ್ದನ್ನು ನಿಮಗೆ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಮನೆಯವರು ಈಗಾಗಲೇ ಮೂರು ಸಲ ಕೇಳಿ ಸುಸ್ತಾಗಿದ್ದಾರೆ. ಉಳಿದವರು ನೀವೇ.

ಇಲಿ ಎಂದರೆ ನಿಮ್ಮ ಅಟ್ಟದ ಇಲಿಯಲ್ಲ. ಗಿನಿಪಿಗ್. ಅದು ಪಿಗ್ಗೂ ಅಲ್ಲ, ಗಿನಿ ದೇಶದ್ದೂ ಅಲ್ಲ. (ಹೆಸರಿಟ್ಟ ಪುಣ್ಯಾತ್ಮ ಪ್ರಾಣಿಯನ್ನೂ ನೋಡಿರಲಿಲ್ಲ, ಭೂಪಟವನ್ನೂ ನೋಡಿರಲಿಲ್ಲ.) ನಮ್ಮ ಕೊಳ್ಳೇಗಾಲದಲ್ಲಿ ಸೀಮೆ ಇಲಿ ಎನ್ನುತ್ತಾರೆ. ಬಾಲವಿಲ್ಲ, ಕುತ್ತಿಗೆಯಿಲ್ಲ, ಎರಡು ಬೊಗಸೆ ತುಂಬುವ ಮೈ. ಹಸಿ ಹುಲ್ಲು ಕಂಡರೆ ಬಸ್ ಕಂಡಕ್ಟರ್ ಹಾಗೆ ಸೀಟಿ ಹೊಡೆಯುತ್ತದೆ.

ಈ ಸಲದ ಜಾನುವಾರು ಪ್ರದರ್ಶನ ಮೂರು ಕಡೆ. ಮೊದಲು ಕೊಳ್ಳೇಗಾಲ, ವಾರದ ಮೇಲೆ ಯಳಂದೂರು, ಆಮೇಲೆ ಹನೂರು. ಎತ್ತು, ಎಮ್ಮೆ, ಕೋಳಿಗಳಿಗೆ ತೀರ್ಪುಗಾರರು ಇದ್ದರು. ಮೊಲಕ್ಕೂ ಸೀಮೆ ಇಲಿಗೂ ಗತಿಯಿರಲಿಲ್ಲ. ಪ್ರದರ್ಶನದ ಸೆಕ್ರೆಟರಿ ಸೀದಾ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿಗೆ ಬಂದರು.

"ಮೇಡಂ, ನೀವು ಸೈನ್ಸು. ನೀವೇ ಆಗ್ಬೇಕು."

ಸೈನ್ಸ್ ಮೇಡಂ ಎಂದರೆ ಎಲ್ಲವೂ ಗೊತ್ತಿರುತ್ತದೆ ಎಂದು ಜನ ನಂಬುತ್ತಾರೆ. ಆ ನಂಬಿಕೆ ನನಗೂ ಸ್ವಲ್ಪ ಇತ್ತು. ಒಪ್ಪಿಕೊಂಡೆ.

ಏನು ಸಂಭ್ರಮ ಅಂತೀರಿ! ರಾಜ್ಯದ ಹೆಸರು ಬದಲಾದ ಹೊಸತು. ಮೈದಾನದ ಬಾಗಿಲ ಬೋರ್ಡಿನಲ್ಲಿ 'ಮೈಸೂರು' ಅಳಿಸಿ 'ಕರ್ನಾಟಕ' ಬರೆದಿದ್ದರು. ಬಣ್ಣದಡಿಯಿಂದ ಹಳೇ ಅಕ್ಷರ ಇಣುಕುತ್ತಿತ್ತು. ಸೀಮೆ ಇಲಿಗಳ ಗೂಡುಗಳ ಪಕ್ಕದಲ್ಲೇ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಸ್ಟಾಲು. (ಎರಡೂವರೆ ತಿಂಗಳಿಗೊಮ್ಮೆ ಹೆರುವ ಪ್ರಾಣಿಯ ಪಕ್ಕ! ಜಾಗ ಹಂಚಿದವರಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು.)

ಆರು ಜೋಡಿ ಬಂದಿದ್ದವು. ಐದನ್ನು ಬೇಗ ನೋಡಿ ಮುಗಿಸಿದೆ. ಆರನೆಯದರ ಮುಂದೆ ನಿಂತವಳು ನಿಂತೇಬಿಟ್ಟೆ. ಮೈಯೆಲ್ಲ ಕಪ್ಪು ಕೂದಲ ನಡುವೆ ಬಿಳಿ ಕೂದಲು, ಒಂದೊಂದೇ ಎಳೆ, ಸಮನಾಗಿ. ಕಪ್ಪು ರೇಷ್ಮೆಗೆ ಬಿಳಿ ರೇಷ್ಮೆ ಹುರಿ ಮಾಡಿ ನೇಯ್ದ ಹಾಗೆ. ದೂರಕ್ಕೆ ಬೂದು. ಹತ್ತಿರ ಹೋದರೆ ಬೆಳ್ಳಿ!

ಸಾಕಿದವರು ಚೌಡಪ್ಪ. ನಮ್ಮೂರಿನ ರೇಷ್ಮೆ ಮಗ್ಗದವರು. ನಲವತ್ತು ದಾಟಿದ, ತೆಳ್ಳನೆಯ, ಮೆತ್ತಗೆ ಮಾತನಾಡುವ ಮನುಷ್ಯ. "ಮೂರ್ ಸಲ ಅಂಟುವಾಳದ್ ನೀರಲ್ಲಿ ಮೀಯ್ಸಿವ್ನಿ ಮೇಡಂ, ನಮ್ ರೇಷ್ಮೆ ತೊಳ್ದಂಗೆ," ಎಂದರು.

ನನ್ನ ಕೈಯಲ್ಲಿ ಅಂಕದ ಚೀಟಿ. ಬಣ್ಣಕ್ಕೆ ಹತ್ತು, ಹೊಳಪಿಗೆ ಹತ್ತು, ಮೈಕಟ್ಟಿಗೆ ಹತ್ತು, ಲವಲವಿಕೆಗೆ ಹತ್ತು. ಹೆಣ್ಣನ್ನು ಎತ್ತಿಕೊಂಡೆ. ಲೌಡ್‌ಸ್ಪೀಕರ್ ತಲೆಯ ಮೇಲೇ ಕಿರುಚುತ್ತಿತ್ತು. ಮೇಲೆ ತಗಡು, ಅದರ ಮೇಲೆ ಬಿಸಿಲು. ಇಲಿಯ ಎದೆ ನನ್ನ ಬೆರಳಿಗೆ ಹೊಲಿಗೆ ಮೆಷಿನ್ನಿನ ಹಾಗೆ ಹೊಡೆಯುತ್ತಿತ್ತು. ಮೈ ನಡುಗುತ್ತಿತ್ತು. ನಾನು ಏನು ಮಾಡಿದೆ ಗೊತ್ತೇ? ಲವಲವಿಕೆಗೆ ಒಂಬತ್ತು ಹಾಕಿದೆ.

ಹೆದರಿ ನಡುಗುವ ಜೀವಕ್ಕೆ ಚುರುಕು ಎಂದು ಅಂಕ ಕೊಟ್ಟ ವಿಜ್ಞಾನದ ಮೇಡಂ! ಆವತ್ತು ಹೊಳೆಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಚೌಡಪ್ಪನವರಿಗೆ ಒಂದು ಹೊಳೆಯುವ ಸ್ಟೀಲ್ ಚೊಂಬು ಸಿಕ್ಕಿತು. ಅಲ್ಲೇ ಆರು ಜನ "ಇದರ ಮರಿ ನಮಗೆ, ಇದರ ಮರಿ ನಮಗೆ" ಎಂದು ಹೆಸರು ಬರೆಸಿದರು. ಏಳನೆಯ ಹೆಸರು ನನ್ನದು.

ಬುಧವಾರ ಸ್ಕೂಲ್ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಗುಂಡಿ ಮಗ್ಗದಿಂದ ಮೇಲೆ ಬಂದು ಕೂರಿಸಿ ಕಾಫಿ ಕೊಡಿಸಿದರು. ಸೀಮೆ ಇಲಿಯ ಹುಚ್ಚು ಹೇಗೆ ಹತ್ತಿತು ಎಂದು ಕೇಳಿದೆ.

"ಆಸ್ಪತ್ರೇಲಿ ತಿಂಗ್ಳಾನುಗಟ್ಲೆ ಮಲಗಿದ್ದೆ ಮೇಡಂ. ಕಿಟಕಿ ಆಚ್ಗೇ ಇವುಗಳ ಗೂಡು. ಡಾಕ್ಟ್ರು ನನ್ ಕಫ ತಕಂಡೋಗಿ ಇದ್ರ ಮೈಗೆ ಚುಚ್ಚುದ್ರು. ಇದ್ಕೆ ಕಾಯ್ಲೆ ಬಂದ್ರೆ ನಂಗಿರೋದು ಕ್ಷಯವೇ ಅಂತ ಗ್ಯಾರಂಟಿ. ಬಂತು. ಅದು ಸತ್ತೋಯ್ತು. ನಂಗೆ ಔಸ್ದಿ ಕೊಟ್ರು. ನಾನ್ ಬದುಕಂಡೆ."

ಗೂಡಿನ ಕಡೆ ನೋಡಿ, "ಬುಟ್ಟು ಬರಕ್ಕೆ ಮನ್ಸಾಗ್ನಿಲ್ಲ. ಅಲ್ಲಿ ಇವುನ್ನ ನೋಡ್ಕತಿದ್ದ ಪೊನ್ನುಸ್ವಾಮಿ ನಮ್ಮೂರೋನೇ. ಒಂದ್ ಕರಿ ಹೆಣ್ಣು, ಒಂದ್ ಬೂದಿ ಗಂಡು ಕೊಟ್ಟ. ಆವತ್ತಿಂದ ಸಾಕ್ತಾ ಇವ್ನಿ," ಎಂದರು.

ಮರಿಗಳಲ್ಲಿ ಬೂದು ಬಣ್ಣದವನ್ನೇ ಆರಿಸಿ, ಬೂದಿಗೆ ಬೂದಿ ಜೋಡಿ ಮಾಡುತ್ತಾ ಬಂದರಂತೆ. ಬಣ್ಣ ಇನ್ನೂ ತಿಳಿಯಾಗಲಿ ಎಂದು. ಬಹುಮಾನದ ಜೋಡಿಯನ್ನು ಇನ್ನೂ ಕೂಡಿಸಿರಲಿಲ್ಲ. "ಯಳಂದೂರು ಮುಗಿಸ್ಕಂಡು ಬಂದ್ಮೇಲೆ ಒಂದೇ ಗೂಡ್ಗೆ ಬುಡ್ತೀನಿ. ನಿಮ್ಗೇ ಮೊದಲ್ನೇ ಮರಿ!"

ನಾನು ಖುಷಿಯಿಂದ ಎದ್ದೆ. ಬಾಗಿಲು ದಾಟುವಾಗ ಅವರ ಹೆಂಡತಿ ರಾಜಮ್ಮ ಸೆರಗು ಹಿಡಿದು ಜಗ್ಗಿದಂತೆ ಮೆಲ್ಲಗೆ ಕರೆದರು. "ಇತ್ತಗ್ ಬನ್ರವ್ವ."

ಅಡುಗೆಮನೆಯ ಒಲೆ ಪಕ್ಕ ಒಂದು ಬುಟ್ಟಿ. ಹತ್ತಿ ಬಟ್ಟೆಯ ಮೇಲೆ ಒಂದು ಮರಿ. ಬೆಳ್ಳಗೆ, ಹಾಲಿನ ಹಾಗೆ. ಎಷ್ಟು ಚೆಂದ ಎನ್ನಲು ಬಾಯಿ ತೆರೆದವಳು ಹಾಗೇ ನಿಂತೆ. ಕಣ್ಣಿರಬೇಕಾದ ಜಾಗದಲ್ಲಿ ಎರಡು ಸಣ್ಣ ಗೆರೆ. ಸೀಮೆ ಇಲಿಯ ಮರಿ ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ, ಹಲ್ಲಿಟ್ಟುಕೊಂಡೇ ಹುಟ್ಟುತ್ತದೆ, ಒಂದೆರಡು ದಿನದಲ್ಲೇ ಸೊಪ್ಪು ಕಡಿಯುತ್ತದೆ. ಇದಕ್ಕೆ ಕಣ್ಣೂ ಇಲ್ಲ, ಹಲ್ಲೂ ಇಲ್ಲ. ರಾಜಮ್ಮ ಬತ್ತಿಯನ್ನು ಹಾಲಿಗೆ ಅದ್ದಿ ಬಾಯಿಗೆ ಹಿಡಿದರು. ಅದು ಮೂಗು ಆಡಿಸಿ ಹುಡುಕಿ, ಚೀಪಿತು.

"ಒಂದೊಂದ್ ಸೂಲ್ಗೂ ಇಂಗಿರೋದು ಒಂದು ಉಟ್ಟೇ ಉಟ್ತದೆ ಕಣ್ರವ್ವ. ಮೂರ್ ದಿನ, ನಾಕ್ ದಿನ, ಓಯ್ತವೆ. ಇದೊಂದು ಅತ್ತು ದಿನದಿಂದ ಉಸುರಿಡ್ಕಂಡದೆ. ನಮ್ಮೋರು ದೃಷ್ಟಿ ತಾಕ್ತು ಅಂತರೆ. ಮಾದಪ್ಪನ್ ಬೆಟ್ಟಕ್ಕೆ ಅರಕೆ ಕಟ್ಕಂಡವ್ರೆ. ನಂಗೆ ಅಂಗನ್ಸಲ್ಲ."

"ಮತ್ತೆ ಏನನಿಸುತ್ತೆ?"

"ಬೂದಿ ಜೊತ್ಗೆ ಕರೀದ್ ಬುಟ್ರೆ ಇಂಗಾಗಲ್ಲ. ಬೂದಿಗೂ ಬೂದಿಗೂ ಬುಟ್ರೇ ಇದು. ಏಳುದ್ರೆ ಕೇಳಲ್ಲ."

ನನ್ನ ತಲೆಯೊಳಗೆ ಗಂಟೆ ಹೊಡೆದಂತಾಯಿತು! ಪ್ರತಿ ವರ್ಷ ಬೋರ್ಡಿನ ಮೇಲೆ ನಾಲ್ಕು ಚೌಕ ಬರೆದು ಬಟಾಣಿ ಗಿಡದ ಪಾಠ ಮಾಡುವವಳು ನಾನು. ನಾಲ್ಕರಲ್ಲಿ ಒಂದು ಹೀಗೆ, ಒಂದು ಹಾಗೆ ಎಂದು ಗಂಟಲು ಹರಿದುಕೊಳ್ಳುವವಳು. ಬಟಾಣಿಯಲ್ಲಿ ಕಂಡದ್ದು ಬುಟ್ಟಿಯಲ್ಲಿ ಕಾಣಲಿಲ್ಲವಲ್ಲ! ಬೋರ್ಡನ್ನೇ ನೋಡದ ರಾಜಮ್ಮ ಒಲೆ ಮುಂದೆ ಕೂತು ಲೆಕ್ಕ ಬಿಡಿಸಿದ್ದರು.

ಗುರುವಾರ ಪೊನ್ನುಸ್ವಾಮಿಯವರನ್ನು ಹುಡುಕಿದೆ. ಈಗ ರಿಟೈರ್ ಆಗಿ ಮನೆ ಜಗಲಿಯಲ್ಲಿ ಕೂತಿರುತ್ತಾರೆ. ಹೇಳಿ ಮುಗಿಸುವ ಮೊದಲೇ ಹಣೆ ಚಚ್ಚಿಕೊಂಡರು.

"ಬೂದಿಗೆ ಬೂದಿ ಸೇರ್ಸುದ್ನಾ? ಅಯ್ಯೋ ಕಡವುಳೇ! ಕೂಡಾದಮ್ಮ, ಮಾಡಕೂಡಾದು. ನಮ್ಮ ಲ್ಯಾಬಲ್ಲಿ ಅದುನ್ನ ಯಾವತ್ತೂ ಬೇರೆ ಬೇರೆ ಗೂಡಲ್ಲೇ ಇಡೋದು. ಕೊಡುವಾಗ ನಾನೇ ಹೇಳ್ಬೇಕಿತ್ತು. ಮರ್ತುಬುಟ್ಟೆ."

ಶುಕ್ರವಾರ ಇಬ್ಬರೂ ಚೌಡಪ್ಪನವರ ಮನೆಗೆ ಹೋದೆವು. ಪೊನ್ನುಸ್ವಾಮಿ ಬಿಡಿಸಿ ಹೇಳಿದರು. ದೃಷ್ಟಿಯೂ ಅಲ್ಲ, ಶಾಪವೂ ಅಲ್ಲ. ಆ ಚೆಂದದ ಬಣ್ಣ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮರಿ ಕುರುಡು. ಒಬ್ಬರಿಂದ ಮಾತ್ರ ಬಂದರೆ ಏನೂ ತೊಂದರೆಯಿಲ್ಲ.

ಚೌಡಪ್ಪ ಕೈಯಲ್ಲಿದ್ದ ಲಾಳಿಯನ್ನು ತಿರುಗಿಸಿ ನೋಡಿದರು. "ಅಂಗಾರೆ ಇಷ್ಟ್ ದಿನ ಸತ್ತಿದ್ದೆಲ್ಲ ನನ್ ಕೈಯಿಂದ್ಲೇ?" ಎಂದರು. ಅವರು ಮಗ್ಗದ ಗುಂಡಿಗೆ ಇಳಿದು ನೇಯಲು ಶುರು ಮಾಡಿದರು. ಆ ಸದ್ದಿನಲ್ಲಿ ನಮ್ಮ ಮಾತು ಮುಗಿಯಿತು. ಬಹುಮಾನದ ಜೋಡಿಯನ್ನು ಏನು ಮಾಡುತ್ತೀರಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ರಾಜಮ್ಮ ಬಾಗಿಲವರೆಗೆ ಬಂದು ತಲೆ ಅಲ್ಲಾಡಿಸಿದರು. ಹೌದು ಎಂದೋ ಇಲ್ಲ ಎಂದೋ ತಿಳಿಯಲಿಲ್ಲ.

ಭಾನುವಾರ ಮೊದಲ ಬಸ್ಸಿಗೆ ಯಳಂದೂರಿಗೆ ಹೋದೆ. ಅಲ್ಲಿಯೂ ಗೂಡುಗಳು ಸ್ಟೇಜಿನ ಪಕ್ಕ, ಬಿಸಿಲಿನಲ್ಲಿ, ಲೌಡ್‌ಸ್ಪೀಕರಿನ ಬುಡದಲ್ಲಿ. ನನಗೆ ಎಲ್ಲಿತ್ತೋ ರೋಷ!

"ಇವನ್ನೆಲ್ಲ ಆ ಹುಣಸೆ ಮರದಡಿ ಇಡಿಸಿ. ಇಲ್ಲದಿದ್ದರೆ ತೀರ್ಪು ಬೇರೆಯವರ ಕೈಲಿ ಮಾಡಿಸಿ."

ಸೆಕ್ರೆಟರಿ ನಕ್ಕರು. "ಇಲಿಗೆ ಇಷ್ಟೆಲ್ಲ ರೂಲ್ಸಾ ಮೇಡಂ? ಸ್ಟೇಜ್ ಪಕ್ಕ ಇದ್ರೆ ತಾನೆ ಜನ ನೋಡೋದು?"

"ಜನ ಮರದ ಕೆಳಗೂ ನೋಡುತ್ತಾರೆ. ಇವಕ್ಕೂ ನೆರಳು ಸಿಗುತ್ತದೆ. ಕಂಡಕಂಡವರು ಎತ್ತಿ ಆಡಿಸುವ ಹಾಗಿಲ್ಲ. ಇನ್ನೊಂದು, ಬಣ್ಣಕ್ಕೆ ನಾನು ಅಂಕ ಕೊಡುವುದಿಲ್ಲ. ಬೂದು ಜೋಡಿ ಬಂದರೆ ಬಹುಮಾನವೂ ಇಲ್ಲ."

"ನೀವೇ ಕೊಟ್ಟಿದ್ರಲ್ಲ ಮೇಡಂ, ಹೋದ ವಾರ!"

"ಹೋದ ವಾರ ನಾನು ತಪ್ಪು ಮಾಡಿದೆ!"

ಈ ಕೊನೆಯ ವಾಕ್ಯ ಮೈದಾನದ ನಾಲ್ಕೂ ಮೂಲೆಯಿಂದ ನನಗೇ ತಿರುಗಿ ಕೇಳಿಸಿತು. ಆಗಲೇ ಗೊತ್ತಾದದ್ದು, ಮೈಕ್ ಆನ್ ಆಗಿದೆ ಎಂದು. ಎತ್ತುಗಳು ಕೂಡ ತಿರುಗಿ ನೋಡಿದವು. ಜನ ಗುಂಪುಗೂಡಿದರು. ಗೂಡುಗಳು ಮರದ ಕೆಳಗೆ ಹೋದವು. (ಸತ್ಯ ಹೇಳಬೇಕೆಂದರೆ ವಾದದಲ್ಲಿ ಗೆದ್ದದ್ದು ನಾನಲ್ಲ, ಮೈಕು.)

ಅಷ್ಟರಲ್ಲಿ ಚೌಡಪ್ಪ ಬಂದರು. ಹಿಂದೆ ರಾಜಮ್ಮ. ಕೈಯಲ್ಲಿ ಎರಡು ಬುಟ್ಟಿ. ಮತ್ತೆ ಅದೇ ಜೋಡಿಯನ್ನು ತಂದರೇ? ಹೆಸರು ಬರೆಸಿದ್ದವರೆಲ್ಲ ಸುತ್ತುವರಿದರು. ಎಲ್ಲರಿಗಿಂತ ಮುಂದೆ ಅಕ್ಕಿ ಗಿರಣಿಯ ಸಾಹುಕಾರರು. ಮಗಳಿಗೆ ಬೂದು ಜೋಡಿಯೇ ಬೇಕು ಎಂದು ಪಟ್ಟು ಹಿಡಿದಿದ್ದವರು.

ಚೌಡಪ್ಪ ಬುಟ್ಟಿಗಳ ಮುಚ್ಚಳ ತೆಗೆದರು. ಒಂದರಲ್ಲಿ ಬೂದು ಗಂಡು, ಜೊತೆಗೆ ಅಚ್ಚ ಕಪ್ಪು ಹೆಣ್ಣು. ಇನ್ನೊಂದರಲ್ಲಿ ಬೂದು ಹೆಣ್ಣು, ಅದರ ತಂಗಿಯ ಜೊತೆ.

"ಈ ಎಲ್ಡುನ್ನೂ ಇನ್ಮೇಲೆ ಒಂದ್ಗೂಡ್ಗೆ ಬುಡಕಿಲ್ಲ ನಾನು," ಎಂದರು. "ಬರ್ಸಿರೋರ್ಗೆಲ್ಲ ಕರಿ ಮರಿ ಕೊಡ್ತೀನಿ. ಒಂಟಿ ಕೊಡಲ್ಲ, ಎಲ್ಡೆಲ್ಡು. ಒಂಟಿಯಾದ್ರೆ ಕೊರಗ್ತವೆ."

ಸಾಹುಕಾರರಿಗೆ ಸಿಟ್ಟು ಬಂತು. "ಮಾತ್ ಕೊಟ್ಟಿದ್ದೀಯಲ್ಲಯ್ಯ! ಒಂದೆರಡು ಸತ್ರೆ ಸಾಯ್ಲಿ. ಇಲಿ ತಾನೆ? ನಂಗೆ ಬೂದೀನೇ ಬೇಕು."

ಚೌಡಪ್ಪ ಬುಟ್ಟಿಗಳ ಮುಚ್ಚಳ ಮುಚ್ಚಿದರು. ರಾಜಮ್ಮ ಮುಂದೆ ಬಂದರು. ಮಡಿಲಿನ ಸೆರಗು ಬಿಡಿಸಿದರು. "ಕೈ ನೀಡಿ ಸಾ," ಎಂದರು. ಏನೋ ಎಂದು ಸಾಹುಕಾರರು ಕೈ ನೀಡಿದರು. ಅಂಗೈಯಲ್ಲಿ ಆ ಬಿಳಿ ಮರಿ ಇಟ್ಟರು.

ಗುಂಪು ಇನ್ನಷ್ಟು ಹತ್ತಿರ ಸರಿಯಿತು.

ಮರಿ ಬೆಚ್ಚಗಿನ ಅಂಗೈ ಮೇಲೆ ಮೂಗು ಆಡಿಸಿತು. ಬೆರಳಿನಿಂದ ಬೆರಳಿಗೆ ತಡವುತ್ತ ಹೋಯಿತು. ಕಿರುಬೆರಳು ಸಿಕ್ಕಿತು. ಹಾಲಿನ ಬತ್ತಿ ಎಂದುಕೊಂಡಿತೋ ಏನೋ, ಹಲ್ಲಿಲ್ಲದ ಬಾಯಿಯಲ್ಲಿ ಚೀಪತೊಡಗಿತು.

ಸಾಹುಕಾರರ ಮುಖ ನೋಡಬೇಕಿತ್ತು ನೀವು! ಮೂರು ಊರಿನ ಭತ್ತವನ್ನು ಗದರಿಸಿ ಕೊಳ್ಳುವ ಮನುಷ್ಯ, ಕೈ ಅಲ್ಲಾಡಿಸಲೂ ಹೆದರಿ ನಿಂತಿದ್ದರು.

"ಇದು... ನೋಡಲ್ವೇನಮ್ಮ?" ಎಂದರು, ಬಹಳ ಮೆತ್ತಗೆ.

"ಇಲ್ಲ ಸಾ. ನೀವ್ ಕೇಳ್ತಿರೋ ಬೂದಿ ಜೋಡೀದೇ ಮರಿ ಇದು."

ಅವರು ಮರಿಯನ್ನು ಎರಡೂ ಕೈಯಲ್ಲಿ ಹಿಡಿದು ರಾಜಮ್ಮನವರ ಮಡಿಲಿಗೆ ವಾಪಸ್ ಇಟ್ಟರು. ಹೊರಡುವ ಮುನ್ನ ತಿರುಗಿ, "ಕರೀದ್ರಲ್ಲೇ ಎರಡು ಕೊಡಪ್ಪ," ಎಂದರು.

ಆಗ ನಾನು ಚಪ್ಪಾಳೆ ತಟ್ಟಿಬಿಟ್ಟೆ. ಒಬ್ಬಳೇ. ಆಮೇಲೆ ಸೆಕ್ರೆಟರಿ ತಟ್ಟಿದರು. ಆಮೇಲೆ ಎಲ್ಲರೂ. ಊರ ಮುಂದೆ ಹೀಗೆ ಕುಣಿಯುವಷ್ಟು ಸಂತೋಷವಾಗುವುದು ಜೀವನದಲ್ಲಿ ಎಷ್ಟು ಸಲ?

ಬಹುಮಾನ ಯಾರಿಗೆ ಎಂದು ಕೇಳುತ್ತೀರಿ. ಒಂದು ಸಾದಾ ಕಂದು ಜೋಡಿಗೆ. ಮರದಡಿಯಲ್ಲಿ ಒಂದಕ್ಕೊಂದು ಮೈ ತಾಗಿಸಿ ನೆಮ್ಮದಿಯಾಗಿ ಹುಲ್ಲು ಮೇಯುತ್ತಿದ್ದವು. ಸಾಕಿದವರು ಸತ್ತೇಗಾಲದ ಒಬ್ಬ ಅಜ್ಜಿ. "ನಮ್ಮುದ್ರಲ್ಲಿ ಏನಿದ್ದದವ್ವ ಅಂತಾ ಚೆಂದ?" ಎಂದು ಗಾಬರಿಯಾದರು.

ಬಿಳಿ ಮರಿ ಇದನ್ನು ಬರೆಯುವ ಹೊತ್ತಿಗೆ ಬದುಕಿದೆ. ಎಷ್ಟು ದಿನವೋ ಗೊತ್ತಿಲ್ಲ. ರಾಜಮ್ಮ ಬತ್ತಿ ಬಿಟ್ಟು ಈಗ ಅರೆದ ಸೊಪ್ಪಿನ ರಸ ಹಾಕುತ್ತಿದ್ದಾರೆ. ಚೌಡಪ್ಪ ಅದಕ್ಕೆ ಮಗ್ಗದ ಪಕ್ಕದಲ್ಲೇ ಜಾಗ ಮಾಡಿದ್ದಾರೆ. ಪೊನ್ನುಸ್ವಾಮಿ ದಿನಕ್ಕೊಮ್ಮೆ ನೋಡಿ ಹೋಗುತ್ತಾರಂತೆ. ನಿನ್ನೆ ಹನೂರಿನಿಂದ ಪತ್ರ ಬಂದಿದೆ. 'ಮೇಡಂ, ನಿಮ್ಮ ರೂಲ್ಸ್ ಬರೆದು ಕಳಿಸಿ, ಗೂಡುಗಳಿಗೆ ಚಪ್ಪರ ಹಾಕಿಸಬೇಕು.' ಹಿಗ್ಗಿ ಹೀರೇಕಾಯಿ ಆಗಿದ್ದೇನೆ!

ಕಳಿಸುತ್ತೇನೆ. ಆದರೆ ಎಲ್ಲ ರೂಲ್ಸಿನ ಮೊದಲು ಒಂದು ಪ್ರಶ್ನೆ ಬರೆಯಬೇಕೆಂದಿದ್ದೇನೆ, ನನಗೂ ಸೇರಿಸಿ.

ನಮ್ಮ ಕಣ್ಣಿಗೆ ಹಬ್ಬವಾಗಲಿ ಎಂದು ಇನ್ನೊಂದು ಜೀವದ ಕಣ್ಣು ಕೇಳಲು ನಾವು ಯಾರು?