ನೀಲಿ ಮುಚ್ಚಳದ ಕ್ಯಾನ್

ವಿಡಿಯೋ ಮಾಡುವ ಕೆಲಸಕ್ಕೆ ಇಳಿದ ಮೊದಲ ವರ್ಷವೇ ನನಗೆ ಒಂದು ಸತ್ಯ ಗೊತ್ತಾಗಿತ್ತು. ಯಾರೂ ವಿಡಿಯೋ ನೋಡುವುದಿಲ್ಲ, ತಮ್ಮ ಮುಖ ನೋಡಿಕೊಳ್ಳುತ್ತಾರೆ. ಬೂದಿಗೆರೆಯ ಒಂದು ಬೇಕರಿಗೆ ಅರ್ಧ ನಿಮಿಷದ ರೀಲ್ ಮಾಡಿಕೊಟ್ಟಿದ್ದೆ. ಕೇಕಿನ ಮೇಲೆ ನೊಣ ಕೂತಿದ್ದು ಎದ್ದು ಕಾಣುತ್ತಿತ್ತು, ಆ ತುಣುಕು ತೆಗೆಯಲು ನಾನೇ ಮರೆತಿದ್ದೆ. ಮಾಲೀಕರು ಐದಾರು ಸಲ ನೋಡಿ, ತಮ್ಮ ಬೋಳುತಲೆ ಯಾಕಿಷ್ಟು ಹೊಳೆಯುತ್ತಿದೆ ಎಂದು ಕೇಳಿದರೇ ಹೊರತು ನೊಣದ ಸುದ್ದಿ ಎತ್ತಲಿಲ್ಲ. ಗೆಳತಿಯ ಸೀಮಂತದ ವಿಡಿಯೋದಲ್ಲಿ ಅವಳ ಅತ್ತೆ, ತಾನು ಎಷ್ಟು ಹೊತ್ತು ಕಾಣಿಸುತ್ತೇನೆ, ಬೀಗಿತ್ತಿ ಎಷ್ಟು ಹೊತ್ತು ಕಾಣಿಸುತ್ತಾಳೆ ಎಂದು ಎಣಿಸುತ್ತಾ ಕೂತಿದ್ದರು. ಆಗೆಲ್ಲ ನಕ್ಕು ಸುಮ್ಮನಾಗುತ್ತಿದ್ದೆ. ಇದನ್ನು ಆಯುಧ ಮಾಡಿಕೊಳ್ಳಬಹುದು ಎಂದು ತಿಳಿದದ್ದು ನಮ್ಮೂರ ಹಾಲಿನ ಡೈರಿಯಲ್ಲಿ.

ವಿಡಿಯೋ ಕೆಲಸಕ್ಕೂ ಮೊದಲು ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ನಾಲ್ಕು ವರ್ಷ ದುಡಿದಿದ್ದೆ. ಬೆಲ್ಟಿನ ಮೇಲೆ ಪ್ಲಾಸ್ಟಿಕ್ ಸಾಮಾನು ಸಾಲಾಗಿ ಬರುತ್ತಿತ್ತು. ಸೀಳಿದ್ದು, ಸೊಟ್ಟಗಾದದ್ದು, ಬಣ್ಣ ಕೆಟ್ಟದ್ದು ಆರಿಸಿ ಪಕ್ಕಕ್ಕೆ ಹಾಕುವುದು ನನ್ನ ಕೆಲಸ. ಆ ಕೆಲಸ ಬಿಟ್ಟು ಫೋನು, ಅದನ್ನು ಅಲುಗದಂತೆ ಹಿಡಿಯುವ ಕೋಲು ಕೊಂಡುಕೊಂಡ ಮೇಲೂ ಕಣ್ಣು ಮಾತ್ರ ಹಳೆಯ ಕೆಲಸ ಬಿಟ್ಟಿರಲಿಲ್ಲ.

ಈಗ ಡೈರಿಯ ಸೆಕ್ರೆಟರಿಯ ವಿಷಯ. ಊರಿನವರ ಪಾಲಿಗೆ ಆತ ‘ಅವರು’. ಇಲ್ಲಿ ನಾನು ‘ಅವನು’ ಎಂದೇ ಬರೆಯುತ್ತೇನೆ. ಅಷ್ಟಾದರೂ ನನಗೆ ಸಲ್ಲಬೇಕು.

ನಾನು ಪಿಯುಸಿ ಓದುತ್ತಿದ್ದಾಗಿನ ಮಾತು. ಬೆಳಗ್ಗೆ ಡೈರಿಗೆ ಹಾಲು ಹಾಕಲು ಅಮ್ಮನ ಜೊತೆ ಹೋಗಿದ್ದೆ. ನಮ್ಮ ಮುಂದೆ ಹತ್ತು ಜನ, ಹಿಂದೆ ಇಪ್ಪತ್ತು ಜನ. ಸೆಕ್ರೆಟರಿ ಪ್ರತಿಯೊಬ್ಬರ ಹಾಲಿನಿಂದ ಒಂದು ಸೌಟು ಸ್ಯಾಂಪಲ್ ತೆಗೆದು, ಎತ್ತರದ ಲೋಟಕ್ಕೆ ಸುರಿದು, ಅದರಲ್ಲಿ ಗಾಜಿನ ಕಡ್ಡಿ ತೇಲಿಬಿಟ್ಟು ಡಿಗ್ರಿ ನೋಡುತ್ತಿದ್ದ. ಹಾಲು ಗಟ್ಟಿಯಿದ್ದರೆ ಕಡ್ಡಿ ಮೇಲೆ ನಿಲ್ಲುತ್ತದೆ, ನೀರಿದ್ದರೆ ಮುಳುಗುತ್ತದೆ. ಅಮ್ಮನ ಹಾಲಿನಲ್ಲಿ ಅದು ಮುಳುಗಿತು. ಪಕ್ಕಕ್ಕೆ ಕರೆದು ಹೇಳಬಹುದಿತ್ತು. ವಾಪಸ್ ತೆಗೆದುಕೊಂಡು ಹೋಗಿ ಎನ್ನಬಹುದಿತ್ತು. ಅವನು ಕಡ್ಡಿಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ.

"ಏನಮ್ಮಾ, ಇವತ್ತು ಹಸು ಕರೆದ್ಯೋ, ಬೋರ್‌ವೆಲ್ ಕರೆದ್ಯೋ?"

ಸಾಲು ಸಾಲೇ ನಕ್ಕಿತು. ಅವನು ನಮ್ಮ ಕ್ಯಾನ್ ಎತ್ತಿ ಅಷ್ಟೂ ಹಾಲನ್ನು ಮೋರಿಗೆ ಸುರಿದು, ಖಾಲಿ ಕ್ಯಾನನ್ನು ನನ್ನ ಕೈಗೆ ಕೊಟ್ಟ. ಅಮ್ಮ ಒಂದು ಮಾತೂ ಆಡಲಿಲ್ಲ. ಸೆರಗು ಬಿಗಿ ಮಾಡಿಕೊಂಡು ತಿರುಗಿ ನಡೆದಳು. ಆವತ್ತಿನಿಂದ ಹನ್ನೊಂದು ವರ್ಷ ಅವಳು ಆ ಸಾಲಿನಲ್ಲಿ ನಿಲ್ಲಲಿಲ್ಲ. ಕರೆಯುವವಳು ಅವಳು, ಹಾಕಿ ಬರುವವರು ಅಪ್ಪ. ಡೈರಿಯ ಮುಂದೆ ಹಾದು ಹೋಗಬೇಕಾದರೂ ಕೆರೆಯ ಹಿಂದಿನ ದಾರಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದಳು. ನಮ್ಮ ಮನೆಗೆ ‘ಬೋರ್‌ವೆಲ್ ಮನೆ’ ಎಂದು ಹೆಸರಾಯಿತು. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ನನಗೂ ಅದೇ ಹೆಸರು. ನನ್ನನ್ನು ನೋಡಲು ಬಂದಿದ್ದ ಗಂಡಿನ ಕಡೆಯ ಮುದುಕರೊಬ್ಬರಿಗೂ ಯಾರೋ ಅದನ್ನು ಹೇಳಿದ್ದರು. ಅವರು ಕಾಫಿ ಕುಡಿಯುತ್ತಾ, ಹಾಲು ಗಟ್ಟಿಯಾಗೇ ಇದೆಯಲ್ಲ ಎಂದರು. ತಮಾಷೆಗೇ ಅಂದದ್ದು. ಆ ಸಂಬಂಧ ಬೇಡ ಎಂದವಳು ನಾನು.

ಡೈರಿಗೆ ಇಪ್ಪತ್ತೈದು ವರ್ಷ ತುಂಬಿದಾಗ ಸೆಕ್ರೆಟರಿಯೇ ನನಗೆ ಫೋನ್ ಮಾಡಿದ. ವರ್ಷದ ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಲು ಐದು ನಿಮಿಷದ ವಿಡಿಯೋ ಬೇಕಂತೆ. ಊರಿನ ಹೆಣ್ಣುಮಗಳೇ ಇರುವಾಗ ಬೇರೆಯವರಿಗೆ ಯಾಕೆ ಕೊಡಬೇಕು ಎಂದ. ದನಿಯಲ್ಲಿ ಅಳುಕಿಲ್ಲ, ಸಂಕೋಚವಿಲ್ಲ. ಅವನಿಗೆ ನೆನಪೇ ಇರಲಿಲ್ಲ. ಮೋರಿಗೆ ಸುರಿದದ್ದಕ್ಕಿಂತ ಈ ಮರೆವು ನನ್ನ ಮೈಯನ್ನು ಹೆಚ್ಚು ಉರಿಸಿತು. ಒಪ್ಪಿಕೊಂಡೆ.

ನಿಜ ಹೇಳುತ್ತೇನೆ, ಆಗ ನನಗೆ ದೊಡ್ಡ ಯೋಜನೆಯೇನೂ ಇರಲಿಲ್ಲ. ಸಣ್ಣ ಬುದ್ಧಿಯ ಸಣ್ಣ ಆಸೆ. ಅವನನ್ನು ಕೆಟ್ಟದಾಗಿ ತೋರಿಸಬೇಕು. ಕ್ಯಾಮೆರಾವನ್ನು ನೆಲದ ಮೇಲಿಟ್ಟು ಕೆಳಗಿನಿಂದ ತೆಗೆದರೆ ಎಂಥ ಸುಂದರನೂ ಮೂಗಿನ ಹೊಳ್ಳೆ, ಜೋಲು ಗದ್ದ, ಹೊಟ್ಟೆ ಇಷ್ಟೇ ಆಗಿಬಿಡುತ್ತಾನೆ. ಮೂರು ದಿನ ಬೆಳಗ್ಗೆ ಹೋಗಿ, ಅವನ ಮೇಜಿನ ಪಕ್ಕ ಇಟ್ಟಿಗೆಗೆ ಒರಗಿಸಿ ಒಂದು ಫೋನ್ ಇಟ್ಟೆ. ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡೆ. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಪೌಡರ್ ಬಳಿದುಕೊಂಡು ಬಂದಿದ್ದ. ಕೈಯಲ್ಲಿದ್ದ ಫೋನಿಗೆ ಮುಖ ಕೊಟ್ಟು ಕೊಟ್ಟು ನೆಲದ ಮೇಲಿದ್ದದ್ದನ್ನು ಮರೆತೇಬಿಟ್ಟ.

ಮನೆಗೆ ಬಂದು ಎಡಿಟ್ ಮಾಡಲು ಕೂತಾಗ ಗದ್ದ ಹುಡುಕುತ್ತಿದ್ದ ನನ್ನ ಕಣ್ಣು ಕೈಯ ಮೇಲೆ ನಿಂತಿತು. ಡಿಗ್ರಿ ನೋಡಿ ಆದ ಮೇಲೆ ಸ್ಯಾಂಪಲ್ ಹಾಲು ಡೈರಿಯ ದೊಡ್ಡ ಕ್ಯಾನಿಗೆ ಹೋಗಬೇಕು. ಅದು ಹೋಗುತ್ತಿರಲಿಲ್ಲ. ಅವನ ಎಡಗೈ ಲೋಟವನ್ನು ಮೇಜಿನ ಕೆಳಗೆ ಇಳಿಸುತ್ತಿತ್ತು. ಅಲ್ಲಿ ನೀಲಿ ಮುಚ್ಚಳದ ಒಂದು ಕ್ಯಾನ್. ಮುಚ್ಚಳ ಸರಿಸು, ಸುರಿ, ಮುಚ್ಚು. ನಿಂತಿದ್ದವರಿಗೆ ಮೇಜು ಅಡ್ಡ, ಅವರ ಕಣ್ಣೆಲ್ಲ ಅವನು ಪುಸ್ತಕದಲ್ಲಿ ಬರೆಯುವ ಡಿಗ್ರಿಯ ಮೇಲೆ. ಒಂದು ದಿನ ಕೈತಪ್ಪಿ ಆಗಿರಬಹುದು ಎಂದುಕೊಂಡು ಮಿಕ್ಕ ಎರಡು ದಿನದ್ದೂ ನೋಡಿದೆ. ಅದೇ ಕೈ, ಅದೇ ಕ್ಯಾನ್. ಮೂರನೇ ದಿನ ಫೋನ್ ಎತ್ತಿಕೊಳ್ಳುವುದು ತಡವಾಗಿತ್ತು. ಜನ ಎಲ್ಲ ಹೋದ ಮೇಲೆ ಅವನು ಆ ಕ್ಯಾನ್ ಎತ್ತಿ ಅಳೆದು, ತನ್ನ ಮನೆಯ ಸದಸ್ಯ ನಂಬರನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಾ ಪುಸ್ತಕದಲ್ಲಿ ಬರೆದುಕೊಂಡದ್ದೂ ಅದರಲ್ಲಿ ಸಿಕ್ಕಿತ್ತು. ಅವನ ಮನೆಯಲ್ಲಿ ಹಸುವೇ ಇರಲಿಲ್ಲ. ಹಿಂದಿನ ವರ್ಷ ಎರಡೂ ಹಸು ಮಾರಿ, ಕೊಟ್ಟಿಗೆ ಒಡೆದು, ಫ್ಯಾಕ್ಟರಿಯವರಿಗೆ ಬಾಡಿಗೆ ಕೊಡಲು ರೂಮು ಕಟ್ಟಿಸಿದ್ದ. ಊರಿಗೆಲ್ಲ ಗೊತ್ತಿದ್ದ ವಿಷಯ.

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಎನ್ನುತ್ತಾರಲ್ಲ, ಆ ಬೆಕ್ಕು ನನ್ನ ಫೋನಿನೊಳಗೆ ಬಂದು ಕೂತಿತ್ತು. ಆವತ್ತು ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅಡುಗೆಮನೆಗೆ ಹೋಗಿ, ನಿಂತಲ್ಲೇ ಒಂದು ಅಚ್ಚು ಬೆಲ್ಲ ತಿಂದೆ.

ಡೈರಿಯ ಅಧ್ಯಕ್ಷರ ಕಿವಿಗೆ ಗುಟ್ಟಾಗಿ ಹಾಕಬಹುದಿತ್ತು. ಒಳ್ಳೆಯವರು ಹಾಗೇ ಮಾಡುತ್ತಾರೆ. ಆದರೆ ಅಮ್ಮನಿಗೆ ಅವನು ಗುಟ್ಟಾಗಿ ಹೇಳಿದ್ದನೇ? ಮೂವತ್ತು ಜನರ ಮುಂದೆ ಹೇಳಿದ್ದ. ನನಗೆ ಮುನ್ನೂರು ಜನ ಬೇಕಾಗಿತ್ತು.

ಐದು ನಿಮಿಷದ ವಿಡಿಯೋ ಕಟ್ಟಿದೆ. ಡೈರಿಯ ಹೊಸ ಕಟ್ಟಡ, ಬೆಳಗಿನ ಸಾಲು, ಹಾಲಿನ ನೊರೆ, ಅವನ ನಗು, ನಡುನಡುವೆ ಕೈ. ಏಳು ಕಡೆ ಕೈ ಇಟ್ಟೆ. ಎಲ್ಲವೂ ಮೂರು ಮೂರು ಸೆಕೆಂಡು, ನಿಧಾನಗತಿಯಲ್ಲಿ, ಕೊಳಲಿನ ಹಿನ್ನೆಲೆಯಲ್ಲಿ. ಕೊನೆಯದು ಮಾತ್ರ ಉದ್ದ, ಅವನು ಕ್ಯಾನ್ ಎತ್ತಿ ಅಳೆದು ಬರೆದುಕೊಳ್ಳುವವರೆಗೂ. ಅದನ್ನು ವಾಟ್ಸಾಪಿನಲ್ಲಿ ಅವನಿಗೇ ಕಳಿಸಿ ಒಪ್ಪಿಗೆ ಕೇಳಿದೆ.

ಅವನು ಮೂರು ಸಲ ತಿದ್ದಿಸಿದ. ಮೊದಲ ಸಲ ಮುಖ ಇನ್ನೂ ಬೆಳ್ಳಗೆ ಬೇಕೆಂದ. ಎರಡನೆಯ ಸಲ ಹೊಟ್ಟೆ ಕಾಣುವ ಒಂದು ಭಾಗ ತೆಗೆಸಿದ. ಮೂರನೆಯ ಸಲ, ಕೊನೆಯಲ್ಲಿ ತನ್ನ ಫೋಟೋ ಯಾಕೆ, ಕೆಲಸ ಮಾಡುತ್ತಿರುವ ಹಾಗೇ ಇರಲಿ, ಅದರ ಮೇಲೆ ‘ಪ್ರಾಮಾಣಿಕ ಸೇವೆಯ ಇಪ್ಪತ್ತೈದು ವರ್ಷ’ ಎಂದು ದಪ್ಪಕ್ಷರದಲ್ಲಿ ಹಾಕು ಎಂದ. ಕೆಲಸ ಮಾಡುತ್ತಿರುವ ಆ ಕೊನೆಯ ದೃಶ್ಯದಲ್ಲಿ ಅವನು ನೀಲಿ ಮುಚ್ಚಳದ ಕ್ಯಾನನ್ನು ಎತ್ತುತ್ತಿದ್ದ. ಹಾಕಿದೆ. ಅವನ ಹೆಂಡತಿ, ಮಗ, ಭಾವಮೈದುನ ಎಲ್ಲರೂ ನೋಡಿ ಕೈಮುಗಿಯುವ ಚಿತ್ರ ಕಳಿಸಿದರು. ಅಷ್ಟು ಜನರಲ್ಲಿ ಒಬ್ಬರಾದರೂ ಕೈಯನ್ನು ನೋಡಿದ್ದರೆ ಅವನು ಉಳಿದುಕೊಳ್ಳುತ್ತಿದ್ದ.

ಸಭೆಯ ದಿನ ಅಮ್ಮನನ್ನು ಕರೆದೆ. ಡೈರಿ ಅಂಗಳಕ್ಕೆ ಬರುವುದಿಲ್ಲ ಎಂದಳು. ಕಾರಣ ಹೇಳಿದರೆ ನನ್ನನ್ನು ತಡೆಯುತ್ತಾಳೆಂದು ನಾನೂ ಬಾಯಿ ಬಿಡಲಿಲ್ಲ.

ಶಾಮಿಯಾನದ ಕೆಳಗೆ ಊರೆಲ್ಲ ಸೇರಿತ್ತು. ಸದಸ್ಯರಿಗೆ ಕೊಡಲು ಸ್ಟೀಲ್ ಡಬ್ಬಿಗಳನ್ನು ಒಂದು ಕಡೆ ಜೋಡಿಸಿದ್ದರು. ಹೆಂಗಸರು ಮುಂದೆ ಜಮಖಾನದ ಮೇಲೆ ಕೂತಿದ್ದರು. ವಿಡಿಯೋ ಶುರುವಾಯಿತು. ಗಂಡಸರು ಪರದೆಯಲ್ಲಿ ತಮ್ಮ ತಮ್ಮ ಮುಖ ಹುಡುಕಿಕೊಂಡು ಶಿಳ್ಳೆ ಹಾಕಿದರು. ಆದರೆ ದಿನವೂ ಹಾಲು ಕರೆದು ತರುವ ಹೆಂಗಸರು ಮುಖ ನೋಡುವವರಲ್ಲ. ಅವರು ಹಾಲು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಾರೆ. ಎರಡನೆಯ ಸಲ ಕೈ ಬಂದಾಗ ಒಬ್ಬಳು ಪಕ್ಕದವಳ ತೊಡೆ ತಟ್ಟಿದಳು. ನಾಲ್ಕನೆಯ ಸಲಕ್ಕೆ ಜಮಖಾನದ ಮೇಲಿದ್ದವರೆಲ್ಲ ಪರದೆಯ ಕಡೆಗೆ ಬಾಗಿದರು. ಕೊನೆಯ ದೃಶ್ಯ ಬಂದು, ದಪ್ಪಕ್ಷರಗಳ ಹಿಂದೆ ನೀಲಿ ಮುಚ್ಚಳ ಮೇಲೆದ್ದಾಗ ಮುಂದಿನ ಸಾಲಿನ ಒಬ್ಬ ಅಜ್ಜಿ ನೆಲಕ್ಕೆ ಕೈಯೂರಿ ಎದ್ದು ನಿಂತಳು.

"ಲೋ ಅಪ್ಪಯ್ಯಾ, ನಿಮ್ಮನೇಲಿ ಹಸಾನೇ ಇಲ್ವಲ್ಲೋ. ಅದು ಯಾರ್ ಹಾಲು?"

ಅಧ್ಯಕ್ಷರು ನಿಲ್ಲಿಸು ಎಂದು ಕೈ ಮಾಡಿದರು. ಹೆಂಗಸರು ಇನ್ನೊಂದು ಸಲ ಹಾಕಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಅವನು ಕೂತಲ್ಲೇ ಎಡಗೈಯನ್ನು ಶಾಲಿನೊಳಗೆ ಸೇರಿಸಿದ. ಗದ್ದಲದ ನಡುವೆ ನಾನು ಅವನ ಹತ್ತಿರ ಹೋದೆ. ಹನ್ನೊಂದು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತು.

"ಏನಣ್ಣಾ, ಹಸು ಕರೆದ್ಯೋ, ಊರನ್ನೇ ಕರೆದ್ಯೋ?"

ಅವನಿಗೆ ಕೇಳಿಸಿತು. ಆದರೆ ಅದು ತನ್ನದೇ ಮಾತೆಂದು ಅವನಿಗೆ ಹೊಳೆಯಲಿಲ್ಲ. ಪೆದ್ದುಪೆದ್ದಾಗಿ ನನ್ನನ್ನೇ ನೋಡಿದ. ನೆನಪಿಸಿ ಹೇಳಲು ಹೊರಟೆ, ಅಷ್ಟರಲ್ಲಿ ಜನ ನಮ್ಮ ನಡುವೆ ನುಗ್ಗಿದರು. ಆ ಒಂದು ಕೊರತೆ ನನಗೆ ಈಗಲೂ ಇದೆ. ವಾರದೊಳಗೆ ಆರೋಗ್ಯ ಸರಿಯಿಲ್ಲ ಎಂದು ಬರೆದುಕೊಟ್ಟು ಕೆಲಸ ಬಿಟ್ಟ. ಅವನ ಮನೆಗೆ ಊರು ಹೊಸ ಹೆಸರಿಟ್ಟಿತು, ನೀಲಿ ಮುಚ್ಚಳದವರು. ನಮ್ಮ ಹೆಸರು ಹಿಂದೆ ಬಿತ್ತು.

ಸಭೆಯಿಂದ ಮನೆಗೆ ಬಂದಾಗ ಅಮ್ಮ ಕೊಟ್ಟಿಗೆಯ ಮುಂದೆ ಕೂತು ಕ್ಯಾನ್ ತೊಳೆಯುತ್ತಿದ್ದಳು. ಸುದ್ದಿ ಆಗಲೇ ಬಂದು ಮುಟ್ಟಿತ್ತು. ಫೋನ್ ಅವಳ ಮುಂದೆ ಹಿಡಿದೆ. ಪೂರ್ತಿ ನೋಡಿದಳು. ನಾಳೆಯಿಂದ ನೀನೇ ತಲೆ ಎತ್ತಿಕೊಂಡು ಹಾಲು ಹಾಕಿ ಬಾ ಎಂದೆ. ಅವಳು ಕ್ಯಾನನ್ನು ಬೋರಲು ಹಾಕಿ ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಅವತ್ತು ನೀರು ಹಾಕಿದ್ದೆ ಕಣೇ."

ಮಿಕ್ಕದ್ದನ್ನೂ ಅವಳೇ ಹೇಳಿದಳು. ಆವತ್ತು ಬೆಳಗ್ಗೆ ಕರು ಹಗ್ಗ ಕಳಚಿಕೊಂಡು ಅರ್ಧ ಹಾಲು ಕುಡಿದುಬಿಟ್ಟಿತ್ತಂತೆ. ಹಿಂದಿನ ರಾತ್ರಿ ಅದನ್ನು ಸಡಿಲವಾಗಿ ಕಟ್ಟಿದ್ದವಳು ಅವಳೇ. ಹಾಲು ಕಡಿಮೆಯಾದದ್ದು ತನ್ನ ಅತ್ತೆಗೆ, ಅಂದರೆ ನಮ್ಮಜ್ಜಿಗೆ, ಗೊತ್ತಾದರೆ ದಿನವಿಡೀ ಅಂದು ಆಡುತ್ತಾಳೆಂದು ಒಂದು ಚೊಂಬು ನೀರು ಸುರಿದಳಂತೆ. ಹಾಕಿದ್ದು ಅದೊಂದೇ ದಿನ, ದೇವರಾಣೆ ಎಂದಳು. ಹಾಗಾದರೆ ಇಷ್ಟು ವರ್ಷ ನನಗೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿ ಜೋರಾಗಿತ್ತು.

"ಹಾಕಿದ್ದೆ, ಅದ್ಕೇ ಸುಮ್ನಿದ್ದೆ. ಹಾಕ್ದೇ ಇದ್ದಿದ್ರೆ ಅವತ್ತೇ ಅವನ ಜುಟ್ಟು ಹಿಡೀತಿರ್ಲಿಲ್ವಾ ನಾನು?"

ಅವಳ ಪಕ್ಕ ಕಲ್ಲಿನ ಮೇಲೆ ಕುಕ್ಕರಿಸಿದೆ. ಹನ್ನೊಂದು ವರ್ಷ ಅವಳ ಪರವಾಗಿ ನಾನು ಹಲ್ಲು ಕಡಿದಿದ್ದೆ, ಬಸ್ಸಿನಲ್ಲಿ ಜಗಳವಾಡಿದ್ದೆ, ಒಂದು ಸಂಬಂಧ ಬಿಟ್ಟಿದ್ದೆ. ಕಡ್ಡಿ ಸುಳ್ಳು ಹೇಳಿರಲಿಲ್ಲ. ಅವಳ ಮೇಲೆ ಸಿಟ್ಟು ಬಂತು. ಅವನ ಮೇಲಿನ ಸಿಟ್ಟು ಇದರಿಂದ ಇಳಿಯುತ್ತದೇನೋ ಎಂದು ಕಾದೆ. ಒಂದು ಚೊಂಬೂ ಇಳಿಯಲಿಲ್ಲ.

ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಫೋನಿನ ಕಡೆಗೆ ಗದ್ದ ತೋರಿಸಿದಳು.

"ಇನ್ನೊಂದ್ಸಲ ಹಾಕು. ಮುಖ ಬೇಡ, ಆ ಕೈ ಬರೋ ಕಡೆಯಿಂದ ಹಾಕು."