ಬಾಲವಾಡಿಗೆ ಬಾಗಿಲು ಮಾಡಿದವ

ಈಚೆಗೆ ಹುಬ್ಬಳ್ಳಿಯ ಒಂದು ಕಟ್ಟಿಗೆ ಅಡ್ಡೆಯ ಮುಂದೆ ಹೋಗುವಾಗ ಆಗಷ್ಟೇ ಕೊಯ್ದ ಸಾಗವಾನಿಯ ವಾಸನೆ ಬಂತು. ನಿಂತುಬಿಟ್ಟೆ. ನಲವತ್ತು ವರ್ಷ ಹಿಂದಿನ ಆ ಬಡಿಗ ನೆನಪಾದ...

ಆಗ ನಾನು ದುಮ್ಮವಾಡದ ಹತ್ತಿರದ ಒಂದು ಹಳ್ಳಿಯಲ್ಲಿ ಬಾಲವಾಡಿ ಶಿಕ್ಷಕಿ. ಮಕ್ಕಳಿಗೆ ಉಪ್ಪಿಟ್ಟು ಮಾಡಿ ಹಾಕಲು ಒಬ್ಬ ಆಯಾ ಇದ್ದಳು. ವಿಧವೆ. ಬದುವಿನ ಜಗಳದಲ್ಲಿ ಪಕ್ಕದ ಹೊಲದವನು ಸಲಿಕೆಯಿಂದ ಹೊಡೆದು ಅವಳ ಗಂಡನನ್ನು ಕೊಂದಿದ್ದ. ಹನ್ನೊಂದು ವರ್ಷ ಶಿಕ್ಷೆ ಮುಗಿಸಿ ಅವನು ಊರಿಗೆ ಮರಳಿದ ವರ್ಷವೇ ನಾನು ಅಲ್ಲಿಗೆ ಹೋದದ್ದು. ಜೈಲಿನಲ್ಲಿ ಬಡಿಗತನ ಕಲಿತು ಬಂದಿದ್ದ. ಆದರೆ ಊರಲ್ಲಿ ಯಾರೂ ಕೆಲಸ ಕೊಡಲಿಲ್ಲ. ಅವನು ನೀರಿಗೆ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಬಾವಿಯಿಂದ ಸರಿಯುತ್ತಿದ್ದರು. ನಾನೂ ಸರಿದಿದ್ದೇನೆ.

ಆ ಮುಂಗಾರಿನಲ್ಲಿ ಬಾಲವಾಡಿಯ ಬಾಗಿಲು ಗೆದ್ದಲು ಹಿಡಿದು ಕಳಚಿ ಬಿತ್ತು. ನಾಯಿಗಳು ಒಳಗೆ ನುಗ್ಗತೊಡಗಿದವು. ಬಿತ್ತನೆಯ ಕಾಲ, ಸುತ್ತಲಿನ ಬಡಿಗರೆಲ್ಲ ಬೀಜ ಬಿತ್ತುವ ಕೂರಿಗೆ ದುರಸ್ತಿಯ ಕೆಲಸದಲ್ಲಿದ್ದರು. ಉಳಿದವನು ಅವನೊಬ್ಬನೇ. ಕರೆಯುವ ಮೊದಲು ಆಯಾಳನ್ನು ಕೇಳಲೇಬೇಕಿತ್ತು. ಕೇಳಿದೆ. ರವೆ ಹುರಿಯುತ್ತಿದ್ದವಳು ಬಾಣಲೆಯನ್ನು ಒಲೆಯಿಂದ ಕೆಳಗಿಳಿಸಿದಳು.

"ಹನ್ನೊಂದ ವರ್ಷ ಅವಂಗ ಶಾಪಾ ಹಾಕೇನ್ರಿ ಅಕ್ಕಾರ," ಅಂದಳು. "ನನ್ನ ಗಂಡ ಏನ್ ಎದ್ದ ಬರಲಿಲ್ಲ. ಸರಕಾರ ಕೊಟ್ಟ ಶಿಕ್ಷಾ ಮುಗಿಸಿ ಬಂದಾನ. ದುಡದ ತಿನ್ನಾಕೂ ಬಿಡಲಿಲ್ಲಂದ್ರ ಮತ್ತ ಜೈಲಿಗೇ ಹೋಗಬೇಕನ್ರಿ ಅವಾ? ಬಾಗಲಾ ಮಾಡ್ಲಿ. ಆದ್ರ ನನ್ನ ಕೈಯಾರೆ ಅವಂಗ ಚಾ ಕೊಡಾಂಗಿಲ್ರಿ."

ಅವನು ಬಂದ. ಎರಡು ದಿನ ಅರ್ಧಕ್ಕರ್ಧ ಮಕ್ಕಳನ್ನು ತಾಯಂದಿರು ಕಳಿಸಲಿಲ್ಲ. ಮೂರನೆಯ ದಿನ ಆಯಾ ತಾನೇ ಮನೆಮನೆಗೆ ಹೋದಳು. "ನಾನೇ ಅಲ್ಲಿ ಇರಾಕತ್ತೇನಿ, ನಿಮಗೇನ್ ಅಂಜಿಕಿ?" ಎಂದು ಕೇಳಿ ಮಕ್ಕಳನ್ನು ಕರೆತಂದಳು.

ಅವನು ತಲೆ ಎತ್ತದೆ ಸಾಗವಾನಿ ಹಲಗೆ ಕೀಸುತ್ತಿದ್ದ. ಅವಳಿದ್ದ ಕಡೆ ಒಮ್ಮೆಯೂ ನೋಡಲಿಲ್ಲ. ಐದನೆಯ ದಿನ ಬಾಗಿಲು ಕೂಡಿಸಿದ. ಆಯಾ ಬಂದು ಚಿಲಕ ಹಾಕಿ, ತೆಗೆದು ನೋಡಿದಳು. ಅಂಚಿನ ಮೇಲೆ ಕೈಯಾಡಿಸಿದಳು. ಆಮೇಲೆ ಅವನ ಕಡೆ ತಿರುಗಿ ಮೊದಲ ಸಲ ಮಾತಾಡಿದಳು.

"ಕಿಡಕಿನೂ ಸಡ್ಲ ಆಗೇತಿ. ನಾಳೆ ಬಂದ ಅದನ್ನೂ ಮಾಡು."

"ಬರ್ತೀನ್ರಿ ಯವ್ವಾ," ಎಂದ. ಉಳಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟ...

ಅವಳೇ ಕೆಲಸ ಹೇಳಿದ ಮೇಲೆ ಊರಿನವರಿಗೆ ಬೇಡವೆನ್ನಲು ಕಾರಣ ಉಳಿಯಲಿಲ್ಲ. ವರ್ಷ ತುಂಬುವಷ್ಟರಲ್ಲಿ ದೇವಿಕೊಪ್ಪ, ಬಮ್ಮಿಗಟ್ಟಿಯವರೂ ಬಂದು ಅವನನ್ನು ಕರೆದೊಯ್ಯುತ್ತಿದ್ದರು. ಒಂದು ಬೆಳಿಗ್ಗೆ ಬಾವಿಯ ಹತ್ತಿರ ಯಾರೋ ಅವನ ಕೊಡಕ್ಕೆ ಕೈಕೊಟ್ಟು ಎತ್ತಿಸಿದ್ದನ್ನು ಕಂಡೆ. ಮರುವರ್ಷ ನನಗೆ ವರ್ಗವಾಯಿತು.

ಈಚೆಗೆ ಆ ಸಾಗವಾನಿಯ ವಾಸನೆ ಬಂದ ಮೇಲೆ, ಹುಬ್ಬಳ್ಳಿಯಿಂದ ಮರಳಿದ ಮರುವಾರವೇ ಆ ಹಳ್ಳಿಗೆ ಹೋದೆ. ಬಡಿಗ ತೀರಿಕೊಂಡು ಮೂರು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಒಮ್ಮೆಯಾದರೂ ಬಂದು ಅವನನ್ನು ಮಾತಾಡಿಸಬಹುದಿತ್ತು. ಬರಲಿಲ್ಲ... ಸುದ್ದಿ ಹೇಳಿದವಳು ಆಯಾ. ಈಗ ಕಣ್ಣು ಮಂಜಾದ ಮುದುಕಿ.

"ನೀ ಹೋಗಿದ್ದಿ ಏನವಾ ಅವನ ಮಣ್ಣಿಗೆ?" ಎಂದು ಕೇಳಿದೆ.

"ಹೋಗಿದ್ನ್ರಿ ಅಕ್ಕಾರ," ಅಂದಳು. "ಎಲ್ಲಾರಂಗ ನಾನೂ ಒಂದ ಹಿಡಿ ಮಣ್ಣ ಹಾಕಿ ಬಂದ್ನಿ."