ಮಂಡಿಗೆಯ ಪುಟಕ್ಕೆ ಹಾಕಿದ ಬೀಗ

ಇವತ್ತು ಬೆಳಿಗ್ಗೆ ಸದಾಶಿವನಗರದ ನನ್ನ ಮನೆಗೆ ಖಾನಾಪುರದಿಂದ ಮಂಡಿಗೆಯ ಡಬ್ಬಿ ಬಂತು. ಮುಚ್ಚಳ ತೆಗೆದದ್ದೇ ತಡ, ತುಪ್ಪದ ಘಮಕ್ಕೆ ನನ್ನ ಹಳೆಯ ಜಾಣತನ ನೆನಪಾಗಿ ಒಬ್ಬನೇ ನಕ್ಕೆ. ನೀವೂ ನಗುವಿರಂತೆ, ಕೇಳಿ.

ಖಾನಾಪುರದ ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಮಂಡಿಗೆ ಮಾಡುವುದು ಮನೆಯ ಮುಂದಿನ ಕಟ್ಟೆಯ ಮೇಲೆ, ಬೀದಿಗೆ ಮುಖ ಮಾಡಿ. ಕಣಕವನ್ನು ಮೊಳಕೈವರೆಗೆ ಹಿಗ್ಗಿಸಿ ಬೋರಲು ಬಾಣಲೆಗೆ ಹೊದಿಸುವಾಗ ಹಾದಿಹೋಕರು ನಿಂತು ನೋಡುತ್ತಾರೆ. ವೆಬ್ ಪುಟ ಮಾಡಿ ಹೊಟ್ಟೆ ಹೊರೆಯುವ ನಾನು ಒಮ್ಮೆ ಬುದ್ಧಿ ಹೇಳಿದೆ: “ಕಾಕು, ಒಳಗ ಮಾಡ್ರಿ. ಮಂದಿ ನೋಡಿ ಕಲೀತಾರ.”

“ಕಲೀಲಿ ಬಿಡಪಾ. ನಾನರ ಎಲ್ಲಿ ಕಲ್ತೀನಿ? ನಮ್ಮತ್ತಿ ಕೈ ನೋಡೇ ಕಲ್ತೀನಿ.”

ಆ ಮಾತು ನನ್ನ ತಲೆಗೆ ಇಳಿಯಲಿಲ್ಲ. ಕಾಕುವಿನ ಮಂಡಿಗೆ ಮಾರಾಟಕ್ಕೆಂದು ಒಂದು ವೆಬ್ ಪುಟ ಮಾಡಿಕೊಟ್ಟಿದ್ದೆ. ಪುಟದ ಹಿಂದಿರುವ ಕಂಪ್ಯೂಟರ್ ಬರಹವನ್ನು, ಅಂದರೆ ಕೋಡನ್ನು, ಯಾರಾದರೂ ಕದ್ದಾರೆಂದು, ಕೆಲವು ತಿಂಗಳ ಮೇಲೆ ಅದನ್ನು ತೆರೆದು ನೋಡದಂತೆ ರೈಟ್ ಕ್ಲಿಕ್ ಬಂದ್ ಮಾಡಿ, ಯಾರಿಗೂ ತಿಳಿಯದಂತೆ ಕೋಡನ್ನೆಲ್ಲ ಕಲಸಿಟ್ಟೆ. ಪುಟ ಕಾಣಬೇಕಾದರೆ ನೋಡುವವರ ಫೋನಿಗೆ ಅದರ ಕೋಡು ಹೋಗಲೇಬೇಕು. ಬಡಿಸಿದ ಮೇಲೆ ಎಲೆ ಮುಚ್ಚಿಡುವುದೇನು ಬಂತು? ಆದರೆ ಮನಸ್ಸಿನಲ್ಲೇ ಮಂಡಿಗೆ ತಿನ್ನುವವನಿಗೆ ಹೇಳುವವರು ಯಾರು!

ಆಮೇಲೆ ನನ್ನ ಕಂಪ್ಯೂಟರ್ ಕೆಟ್ಟು, ಕಲಸದೆ ಇಟ್ಟಿದ್ದ ಮೂಲ ಪ್ರತಿ ಹೋಯಿತು. ಅದೇ ವಾರ ಕಾಕುವಿನ ಫೋನ್ ನಂಬರು ಬದಲಾಯಿತು. ಮಂಡಿಗೆಗೆ ಬೇಡಿಕೆ ಬರುವ ಮದುವೆಗಳು ಎದುರಿಗೆ, ಪುಟದಲ್ಲಿ ಹಳೆಯ ನಂಬರು. ನಾನೇ ಮಾಡಿದ ಗೋಜಲಿನಲ್ಲಿ ಅದು ಎಲ್ಲಿದೆಯೆಂದು ನನಗೇ ಸಿಗಲೊಲ್ಲದು. “ಒಂದೂ ಫೋನ್ ಬರವಲ್ದಲ್ಲೋ ತಮ್ಮಾ,” ಎಂದು ಕಾಕು ಕೇಳಿದಾಗ ನಾಚಿಕೆಯಿಂದ ಕುಗ್ಗಿಹೋದೆ.

ಆಗ ಕಾಕುವಿನಿಂದ ಸುದ್ದಿ ತಿಳಿದು, ಅವರ ಬಾಜು ಮನೆಯ ಸಾಲಿ ಅಕ್ಕೋರು, ಅಂದರೆ ಶಾಲೆಯ ಟೀಚರು, ಪೆನ್‌ಡ್ರೈವ್ ಹಿಡಿದು ನನ್ನ ಮನೆಗೆ ಬಂದರು. “ಸಿಟ್ಟಾಗಬ್ಯಾಡ್ರಿ. ನೀವು ಬೀಗ ಹಾಕೂ ಮೊದಲ ನಿಮ್ಮ ಪುಟ ಇಳಿಸ್ಕೊಂಡಿದ್ದೆ. ಅದನ್ನ ನೋಡಿ ನಮ್ಮ ಸಾಲಿಗೊಂದು ಮಾಡೀನ್ರಿ.”

ಯಾರಿಗೆ ಹೆದರಿ ಬೀಗ ಹಾಕಿದ್ದೆನೋ ಆ ಕಳ್ಳರು ಇವರೇ! ಅವರ ಪ್ರತಿಯಲ್ಲೇ ಹೊಸ ನಂಬರು ಹಾಕಿದೆ, ಪುಟ ಸರಿಹೋಯಿತು. ಮರುದಿನ ಮಧ್ಯಾಹ್ನ ಸಾಂಬ್ರಾದ ಮದುವೆ ಮನೆಯಿಂದ ಕಾಕುವಿಗೆ ಫೋನು ಬಂದಾಗ ನನಗೆ ಜೀವ ಬಂದಂತಾಯಿತು. ಬೀಗವನ್ನು ಮತ್ತೆ ಹಾಕಲಿಲ್ಲ.

ಅಂದಹಾಗೆ, ಇವತ್ತಿನ ಡಬ್ಬಿ ಕಾಕು ಕಳಿಸಿದ್ದಲ್ಲ. ಆ ಕಟ್ಟೆಯ ಮುಂದೆ ನಿಂತು ನೋಡಿ ಕಲಿತ ಅಕ್ಕೋರು ಮಾಡಿದ ಮೊದಲ ಮಂಡಿಗೆ. ಅಂಚು ಹರಿದಿದೆ, ರುಚಿ ಕಾಕುವಿನದೇ. ತಿಂದು, ಕೈ ತೊಳೆದು, ಅರ್ಧಕ್ಕೆ ನಿಂತಿದ್ದ ಹೊಸ ಪುಟವನ್ನು ತೆರೆದು ಕೋಡಿನ ಮೊದಲ ಸಾಲಿನಲ್ಲಿ ಬರೆದೆ: ‘ನೋಡಿ ಕಲಿಯಿರಿ. ತಿಳಿಯದಿದ್ದರೆ ಕೇಳಿರಿ.’